ಬಂದರಿನ ಗೋಡೆಯೊಳಗೆ ಹುಟ್ಟುವ ಕರೆಂಟು

ಸ್ಪೇನಿನ ಬಾಸ್ಕ್ ಕರಾವಳಿಯ ಮುತ್ರಿಕು ಎಂಬ ಊರಿನ ಬಂದರಿಗೆ ಬೇಕಾಗಿದ್ದದ್ದು ದೋಣಿಗಳನ್ನು ಅಲೆಗಳಿಂದ ಕಾಯುವ ತಡೆಗೋಡೆ. ಹೇಗೂ ಕಟ್ಟುವ ಗೋಡೆ, ಅದರೊಳಗೆ ಟೊಳ್ಳು ಕೋಣೆಗಳನ್ನು ಬಿಟ್ಟು 16 ಪುಟ್ಟ ಟರ್ಬೈನ್ ಕೂರಿಸಿದರು. ಕಟ್ಟುತ್ತಿರುವಾಗಲೇ ಬಿರುಗಾಳಿಯ ಅಲೆಗಳು ಕೋಣೆಗಳಿಗೆ ಪೆಟ್ಟು ಕೊಟ್ಟವು. ಕೊನೆಗೂ 2011ರಲ್ಲಿ ಅಲೆಯ ಬಲದಿಂದ ವಿದ್ಯುತ್ ಹರಿಯಿತು. ಒಟ್ಟು ಸಾಮರ್ಥ್ಯ 296 ಕಿಲೋವ್ಯಾಟ್. ಇಷ್ಟಕ್ಕೆ ಇನ್ನೂರು ವರ್ಷಗಳ ಹಿನ್ನೆಲೆಯಿದೆ.

ಅಲೆಯಿಂದ ಯಂತ್ರ ನಡೆಸುವ ಉಪಾಯಕ್ಕೆ ಪ್ಯಾರಿಸ್ಸಿನ ಗಿರಾರ್ ತಂದೆ–ಮಗ ಪೇಟೆಂಟ್ ಪಡೆದದ್ದು 1799ರಲ್ಲಿ. ಉಬ್ಬರವಿಳಿತದ ದಾರಿ ಬೇರೆಯೇ: 1966ರಲ್ಲಿ ಫ್ರಾನ್ಸಿನ ರಾನ್ಸ್ ಅಳಿವೆಗೆ ಅಣೆಕಟ್ಟು ಹಾಕಿ 240 ಮೆಗಾವ್ಯಾಟ್ ಸ್ಥಾವರ ಕಟ್ಟಿದರು. ಆದರೆ ಅಷ್ಟು ಎತ್ತರದ ಉಬ್ಬರ ಎಲ್ಲ ದಡಗಳಿಗೂ ಇಲ್ಲ. 1973ರ ತೈಲ ಬಿಕ್ಕಟ್ಟು ಅಲೆಯ ಕಡೆಗೆ ಮತ್ತೆ ಗಮನ ಸೆಳೆಯಿತು. ಎಡಿನ್‌ಬರೋದಲ್ಲಿ ಸ್ಟೀಫನ್ ಸಾಲ್ಟರ್ ಬಾತುಕೋಳಿಯಂತೆ ತಲೆಯಾಡಿಸುವ ಯಂತ್ರ ರೂಪಿಸಿದರು. ಎಂಬತ್ತರ ದಶಕದಲ್ಲಿ ಬ್ರಿಟನ್ ಸರ್ಕಾರದ ಹಣ ಬತ್ತಿತು. ಅದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ಆ ಹೊತ್ತಿಗಾಗಲೇ ಬೆಲ್‌ಫಾಸ್ಟಿನ ಅಲನ್ ವೆಲ್ಸ್ ಒಂದು ಮುಖ್ಯ ತೊಡಕನ್ನು ಬಿಡಿಸಿದ್ದರು. ಟೊಳ್ಳು ಕೋಣೆಯೊಳಗೆ ಅಲೆ ನುಗ್ಗಿ ನೀರು ಏರಿದಾಗ ಮೇಲಿನ ಗಾಳಿ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ; ನೀರು ಇಳಿದಾಗ ಗಾಳಿ ಒಳಕ್ಕೆ ನುಗ್ಗುತ್ತದೆ. ಗಾಳಿ ಎತ್ತ ಬೀಸಿದರೂ ವೆಲ್ಸ್ ಟರ್ಬೈನ್ ಒಂದೇ ದಿಕ್ಕಿಗೆ ತಿರುಗುತ್ತದೆ. ತಿರುಗುವ ಭಾಗ ಉಪ್ಪುನೀರಿನಲ್ಲಿ ಮುಳುಗಿರುವುದೂ ಇಲ್ಲ.

ಇದೇ ತತ್ವದ 150 ಕಿಲೋವ್ಯಾಟ್ ಘಟಕ 1991ರಲ್ಲಿ ಕೇರಳದ ವಿಝಿಂಜಂ ಮೀನುಗಾರಿಕಾ ಬಂದರಿನಲ್ಲಿ ಕೆಲಸ ಶುರುಮಾಡಿತು. ಮುಂದೆ ಅದರ ವಿದ್ಯುತ್ತಿನಿಂದ ಸಮುದ್ರದ ನೀರನ್ನು ಸಿಹಿನೀರಾಗಿಸುವ ಪ್ರಯೋಗವೂ ನಡೆಯಿತು. ಕರಾವಳಿಯ ಊರಿಗೆ ಇದಕ್ಕಿಂತ ಹತ್ತಿರದ ಉಪಯೋಗ ಇನ್ನೇನಿದೆ! 2000ದಲ್ಲಿ ಸ್ಕಾಟ್ಲೆಂಡಿನ ಐಲಾ ದ್ವೀಪದ ಬಂಡೆದಡದಲ್ಲಿ ಇಂಥದೇ ಘಟಕ ಗ್ರಿಡ್‌ಗೆ ಸೇರಿತು.

ತೇಲುವ ಯಂತ್ರಗಳ ಕಥೆ ಕಷ್ಟದ್ದು. 2008ರಲ್ಲಿ ಪೋರ್ಚುಗಲ್ಲಿನ ಅಗುಸಾದೂರದ ಎದುರಿಗೆ ಇಳಿಸಿದ, ಹಾವಿನಾಕಾರದ ಮೂರು ಪೆಲಾಮಿಸ್ ಯಂತ್ರಗಳನ್ನು ಕೆಲವೇ ತಿಂಗಳಲ್ಲಿ ಬಂದರಿಗೆ ಎಳೆದು ತರಬೇಕಾಯಿತು. ಬೇರಿಂಗ್ ತೊಂದರೆಯ ಜೊತೆಗೆ ಹಣದ ಮುಗ್ಗಟ್ಟೂ ಸೇರಿಕೊಂಡಿತ್ತು.

ಮುತ್ರಿಕುವಿನ ಉತ್ಪಾದನೆ 2016ರ ಹೊತ್ತಿಗೆ 10 ಲಕ್ಷ ಯೂನಿಟ್ ದಾಟಿತು. ಐದು ವರ್ಷಕ್ಕೆ ಅದು ಕಡಿಮೆಯೇ. ಅಲೆ ಎಲ್ಲ ಕಾಲದಲ್ಲೂ ಒಂದೇ ಬಲದಲ್ಲಿ ಬರುವುದಿಲ್ಲ, ದಡ ಮುಟ್ಟುವಷ್ಟರಲ್ಲಿ ಅದರ ಕಸುವೂ ತಗ್ಗಿರುತ್ತದೆ. ಆದರೆ ಅಲ್ಲಿ ಒಂದು ಟರ್ಬೈನ್ ಕೆಟ್ಟರೆ ಉಳಿದವು ತಿರುಗುತ್ತಲೇ ಇರುತ್ತವೆ, ರಿಪೇರಿಗೆ ನಡುಗಡಲಿಗೆ ಹಡಗು ಕಳಿಸಬೇಕಾಗಿಲ್ಲ.