ಜಾರುಬಂಡಿಗೆ ಬ್ರೇಕೇ ಇಲ್ಲವಂತೆ, ನಿಲ್ಲಿಸುವುದು ಹೇಗೆ?

ಪ್ರಶ್ನೆ: ಜನವರಿಯಲ್ಲಿ ಮನೆಯವರೆಲ್ಲ ಸ್ವಿಟ್ಜರ್ಲೆಂಡ್‌ಗೆ ಹೊರಟಿದ್ದೇವೆ. ಯಾರಿಗೂ ಸ್ಕೀಯಿಂಗ್ ಬರುವುದಿಲ್ಲ. ಅಲ್ಲಿನ ಬೆಟ್ಟದ ಊರು ಪ್ರೇಡಾದಿಂದ ಕೆಳಗಿನ ಬೆರ್ಗ್ಯೂನ್ ಊರಿನವರೆಗೆ ಜಾರುಬಂಡಿಯಲ್ಲಿ, ಅಂದರೆ ಹಿಮದ ಮೇಲೆ ಕೂತು ಜಾರುವ ಮರದ ಬಂಡಿಯಲ್ಲಿ, ಇಳಿಯೋಣ ಅಂದುಕೊಂಡಿದ್ದೇವೆ. ಆದರೆ ಆ ಬಂಡಿಗೆ ಬ್ರೇಕೇ ಇರುವುದಿಲ್ಲವಂತೆ. ಮತ್ತೆ ನಿಲ್ಲಿಸುವುದು ಹೇಗೆ?

ಉತ್ತರ: ನಿಮ್ಮ ಎರಡು ಕಾಲೇ ಅದರ ಬ್ರೇಕ್, ಸ್ಟಿಯರಿಂಗ್ ಎಲ್ಲ. ಕೇಳೋಕೆ ಭಯ ಆಗುತ್ತೆ, ಆದರೆ ಅರ್ಧ ಗಂಟೆಯಲ್ಲಿ ಕಲಿಯಬಹುದು.

ಒಳ್ಳೆಯ ಜಾಗವನ್ನೇ ಆರಿಸಿದ್ದೀರಿ. ಅದು ಬೇಸಿಗೆಯಲ್ಲಿ ಕಾರು ಓಡಾಡುವ ಆಲ್ಬುಲಾ ಘಾಟಿ ರಸ್ತೆ. ಚಳಿಗಾಲದಲ್ಲಿ ವಾಹನ ನಿಲ್ಲಿಸಿ, ಅದನ್ನೇ ಬಂಡಿಯ ದಾರಿ ಮಾಡುತ್ತಾರೆ. ಸುಮಾರು 6 ಕಿ.ಮೀ. ಉದ್ದ, 400 ಮೀಟರ್ ಇಳಿಜಾರು. ಅಂದರೆ ನೂರು ಮೀಟರ್ ಹೋದರೆ ಆರೇಳು ಮೀಟರ್ ಇಳಿಯುತ್ತೀರಿ. ಇಷ್ಟೇನಾ ಅನ್ನಿಸಬಹುದು. ಆದರೆ ಮರದ ಬಂಡಿಯ ಅಡಿಯಲ್ಲಿ ಉಕ್ಕಿನ ಪಟ್ಟಿ ಇರುತ್ತದೆ. ಅದು ಉಜ್ಜಿದ ಬಿಸಿಗೆ ಹಿಮದ ಮೇಲ್ಪದರ ತೆಳುವಾಗಿ ಕರಗಿ, ಬಂಡಿ ಆ ನೀರಿನ ಪೊರೆಯ ಮೇಲೆ ಜಾರುತ್ತದೆ. ತಡೆಯೋಕೆ ಏನೂ ಇಲ್ಲದಿದ್ದಾಗ ಇಷ್ಟು ಇಳಿಜಾರೇ ಜಾಸ್ತಿ.

ವೇಗ ತಗ್ಗಿಸಬೇಕಾದರೆ ಎರಡೂ ಪಾದಗಳನ್ನು ಬಂಡಿಯ ಅಕ್ಕಪಕ್ಕ ಹಿಮದ ಮೇಲೆ ಚಪ್ಪಟೆಯಾಗಿ ಇಡಿ. ಇಡೀ ಅಂಗಾಲು ಉಜ್ಜಬೇಕು. ಗಾಬರಿಯಲ್ಲಿ ಎಲ್ಲರೂ ಹಿಮ್ಮಡಿ ಊರುತ್ತಾರೆ. ಆಗ ಹಿಮದ ಪುಡಿ ನೇರ ಮುಖಕ್ಕೆ ಎರಚಿ ಕಣ್ಣೇ ಕಾಣುವುದಿಲ್ಲ. ಪಾದ ಬಂಡಿಯ ಮುಂದೆ ಹೋಗಲೇಬಾರದು. ಉಕ್ಕಿನ ಪಟ್ಟಿಯ ಕೆಳಗೆ ಸಿಕ್ಕರೆ ಕಾಲು ಮುರಿಯಬಹುದು. ಪೂರ್ತಿ ನಿಲ್ಲಬೇಕೇ? ಪಾದ ಉಜ್ಜುತ್ತಲೇ ಹಿಂದಕ್ಕೆ ಬಾಗಿ ಬಂಡಿಯ ಮುಂಭಾಗವನ್ನು ಮೇಲಕ್ಕೆ ಎಳೆಯಿರಿ. ಪಟ್ಟಿಯ ಹಿಂದಿನ ತುದಿ ಹಿಮದಲ್ಲಿ ಹೂತು ಬಂಡಿ ನಿಲ್ಲುತ್ತದೆ. ಎಡಕ್ಕೆ ತಿರುಗಲು ಎಡಗಾಲು ಒತ್ತಿ, ಮೈಯನ್ನೂ ಎಡಕ್ಕೆ ವಾಲಿಸಿ. ಬಲಕ್ಕೂ ಹಾಗೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಹಾಕಿದರೆ ತಡವಾಯಿತು. ತಿರುವು ಕಂಡ ಕೂಡಲೇ, ದಾರಿ ಇನ್ನೂ ನೆಟ್ಟಗಿರುವಾಗಲೇ ಕಾಲು ಇಳಿಸಿ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಹಗಲು ಬಿಸಿಲಿಗೆ ಮೆತ್ತಗಾದ ಹಿಮ ಸಂಜೆ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಅಲ್ಲಿ ರಾತ್ರಿ ದೀಪದ ಬೆಳಕಲ್ಲೂ ಜಾರುತ್ತಾರೆ, ನೋಡೋಕೆ ತುಂಬಾ ಚೆಂದ. ಆದರೂ ಮೊದಲ ಸಲ ಹಗಲೇ ಹೋಗಿ. ಮಕ್ಕಳಿದ್ದರಂತೂ ಖಂಡಿತ.

ಶೂ ಆಳವಾದ ಗೆರೆಗಳಿರುವ ಟ್ರೆಕ್ಕಿಂಗ್ ಶೂ ಆಗಿರಲಿ. ಹೆಲ್ಮೆಟ್, ಗ್ಲೌಸ್, ಕನ್ನಡಕ ಬೇಕೇ ಬೇಕು. ತಲೆ ಮುಂದೆ ಮಾಡಿ ಮಲಗಿ ಜಾರಬೇಡಿ. ಬಿದ್ದರೆ ಬಂಡಿ ಹಿಡಿದುಕೊಂಡು ಬೇಗ ಅಂಚಿಗೆ ಸರಿಯಿರಿ, ಹಿಂದಿನಿಂದ ಬರುವವರಿಗೂ ನಿಮ್ಮಷ್ಟೇ ಬ್ರೇಕ್ ಇರುವುದು ಅಲ್ವಾ?

ಈ ಬಂಡಿ ಆ ಕಡೆಯ ಜನಕ್ಕೆ ಆಟದ ಸಾಮಾನಷ್ಟೇ ಅಲ್ಲ, ಓಡಾಟಕ್ಕೂ ಬೇಕಾಗಿತ್ತು. 1883ರಲ್ಲಿ ಅದೇ ಸೀಮೆಯ ದಾವೋಸ್‌ನಿಂದ ಕ್ಲೋಸ್ಟರ್ಸ್ ಕಡೆಗೆ ಸ್ಪರ್ಧೆ ನಡೆದಾಗ ಇಬ್ಬರು ಸಮಸಮವಾಗಿ ಗೆದ್ದರು. ಒಬ್ಬ ಆಸ್ಟ್ರೇಲಿಯಾದ ವಿದ್ಯಾರ್ಥಿ, ಇನ್ನೊಬ್ಬ ಕ್ಲೋಸ್ಟರ್ಸ್‌ನ ಅಂಚೆಯವನು.

ಹೊರಟ ಕೂಡಲೇ ವೇಗ ಹಿಡಿಯಬೇಡಿ. ಮೊದಲ ನೂರಿನ್ನೂರು ಮೀಟರಿನಲ್ಲಿ ಸುಮ್ನೆ ನಾಲ್ಕೈದು ಸಲ ನಿಲ್ಲಿಸಿ ನೋಡಿ, ಮನೆಯವರೆಲ್ಲರ ಕೈಲೂ ಮಾಡಿಸಿ. ಮೊದಲ ಸುತ್ತು ನಿಧಾನವಾದರೆ ಬೇಜಾರು ಬೇಡ. ಬೆರ್ಗ್ಯೂನ್ ನಿಲ್ದಾಣದಲ್ಲಿ ಬಂಡಿ ಸಮೇತ ಕೆಂಪು ರೈಲು ಹತ್ತಿ, ಸುರಂಗಗಳಲ್ಲಿ ಸುತ್ತಿ ಸುತ್ತಿ ಮತ್ತೆ ಪ್ರೇಡಾಕ್ಕೆ ಬರಬಹುದು.