ಭೂಬಳಕೆ ಮತ್ತು ಸಾರಿಗೆ: ಪಿ–ಎ ಗೊಂದಲ ಬಿಡಿಸಿಕೊಂಡ ಟಿಪ್ಪಣಿ

ಸಾರಿಗೆ ಯೋಜನೆಯ ನಾಲ್ಕು ಹಂತದ ಮಾದರಿ ಪರೀಕ್ಷೆಗೆ ಓದುವವರಿಗೆಲ್ಲ ಬಾಯಿಪಾಠ. ಎಷ್ಟು ಟ್ರಿಪ್ ಹುಟ್ಟುತ್ತವೆ, ಅವು ಎಲ್ಲಿಂದ ಎಲ್ಲಿಗೆ ಹಂಚಿಹೋಗುತ್ತವೆ, ಬಸ್ಸಿನಲ್ಲೋ ಬೈಕಿನಲ್ಲೋ, ಕೊನೆಗೆ ಯಾವ ರಸ್ತೆಯಲ್ಲಿ. ಅದನ್ನು ಮತ್ತೆ ಬರೆಯುವುದಿಲ್ಲ. ನನ್ನ ಪ್ರಶ್ನೆ ಒಂದೇ: ಇದರೊಳಗೆ ಭೂಬಳಕೆ ಎಲ್ಲಿ ಕೂತಿದೆ? ಮೊದಲ ಹಂತದಲ್ಲಿ, ಪಿ ಮತ್ತು ಎ ಎಂಬ ಎರಡು ಅಂಕಿಗಳ ರೂಪದಲ್ಲಿ. ಪಿ ಅಂದರೆ ಪ್ರೊಡಕ್ಷನ್, ಒಂದು ಜಾಗ ಹುಟ್ಟಿಸುವ ಟ್ರಿಪ್ಪುಗಳು. ಎ ಅಂದರೆ ಅಟ್ರ್ಯಾಕ್ಷನ್, ಒಂದು ಜಾಗ ಸೆಳೆಯುವ ಟ್ರಿಪ್ಪುಗಳು. ಈ ಎರಡು ಸರಿಯಾಗಿ ತಲೆಗೆ ಹತ್ತದಿದ್ದರೆ 'ಭೂಬಳಕೆ ಮತ್ತು ಸಾರಿಗೆಯನ್ನು ಒಟ್ಟಿಗೆ ಯೋಜಿಸಬೇಕು' ಎಂಬ ಮಾತು ಸುಮ್ನೆ ಪರೀಕ್ಷೆಯ ವಾಕ್ಯವಾಗಿ ಉಳಿಯುತ್ತದೆ.

ಪಿ–ಎ ಬೇರೆ, ಒ–ಡಿ ಬೇರೆ

ಒ–ಡಿ ಅಂದರೆ ಒರಿಜಿನ್ ಮತ್ತು ಡೆಸ್ಟಿನೇಷನ್, ಹೊರಟ ಜಾಗ ಮತ್ತು ತಲುಪಿದ ಜಾಗ. ಉಡುಪಿ ಪಕ್ಕದ ಪರ್ಕಳದಲ್ಲಿ ಮನೆ, ಮಣಿಪಾಲದಲ್ಲಿ ಕೆಲಸ ಅನ್ನಿ. ಬೆಳಿಗ್ಗೆ ಹೋಗುವ ಟ್ರಿಪ್ಪಿನ ಒರಿಜಿನ್ ಪರ್ಕಳ, ಡೆಸ್ಟಿನೇಷನ್ ಮಣಿಪಾಲ. ಪ್ರೊಡಕ್ಷನ್ ಪರ್ಕಳ, ಅಟ್ರ್ಯಾಕ್ಷನ್ ಮಣಿಪಾಲ. ಇಲ್ಲಿವರೆಗೆ ಎರಡೂ ಒಂದೇ ಥರ ಕಾಣುತ್ತವೆ. ತೊಡಕು ಸಂಜೆ ಶುರುವಾಗುತ್ತದೆ. ವಾಪಸು ಬರುವಾಗ ಒರಿಜಿನ್ ಮಣಿಪಾಲ, ಡೆಸ್ಟಿನೇಷನ್ ಪರ್ಕಳ. ಹಾಗಾದರೆ ಪ್ರೊಡಕ್ಷನ್ ಈಗ ಮಣಿಪಾಲ ಆಯಿತಾ? ಇಲ್ಲ. ಈಗಲೂ ಪರ್ಕಳವೇ. ಅಟ್ರ್ಯಾಕ್ಷನ್ ಈಗಲೂ ಮಣಿಪಾಲವೇ.

ಯಾಕೆ ಅಂದರೆ, ಒಂದು ತುದಿಯಲ್ಲಿ ಮನೆ ಇರುವ ಯಾವ ಟ್ರಿಪ್ಪಿಗೂ ಮನೆಯ ತುದಿಯೇ ಪ್ರೊಡಕ್ಷನ್. ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಆ ಮನೆ ಅಲ್ಲಿ ಇದೆ ಎನ್ನುವ ಕಾರಣಕ್ಕೇ ಎರಡೂ ಟ್ರಿಪ್ ಹುಟ್ಟಿದವು ಎಂಬುದು ಲೆಕ್ಕ. ಒ–ಡಿ ಗಡಿಯಾರ ನೋಡಿ ತಿರುಗುತ್ತದೆ. ಪಿ–ಎ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿಯೇ ಭೂಬಳಕೆಯ ನಕ್ಷೆಯಿಂದ ಒ–ಡಿಯನ್ನು ನೇರವಾಗಿ ಊಹಿಸುವುದು ಕಷ್ಟ, ಪಿ–ಎಯನ್ನು ಊಹಿಸಬಹುದು. ಪಿ ಬರುವುದು ಮನೆಗಳಿಂದ: ಮನೆಯಲ್ಲಿ ಎಷ್ಟು ಜನ, ಎಷ್ಟು ಗಾಡಿ, ಆದಾಯ ಎಷ್ಟು. ಎ ಬರುವುದು ಉದ್ಯೋಗ, ಅಂಗಡಿಗಳ ವಿಸ್ತೀರ್ಣ, ಕಾಲೇಜಿನ ಮಕ್ಕಳ ಸಂಖ್ಯೆ ಇವುಗಳಿಂದ.

ಎರಡು ತುದಿಯಲ್ಲೂ ಮನೆ ಇಲ್ಲದ ಟ್ರಿಪ್ ಮಾತ್ರ ಇದಕ್ಕೆ ಹೊರತು. ಮಧ್ಯಾಹ್ನ ಆಫೀಸಿನಿಂದ ನೇರ ಬ್ಯಾಂಕಿಗೆ ಹೋದಿರಿ ಅನ್ನಿ. ಅಲ್ಲಿ ಒರಿಜಿನ್ನೇ ಪ್ರೊಡಕ್ಷನ್, ಡೆಸ್ಟಿನೇಷನ್ನೇ ಅಟ್ರ್ಯಾಕ್ಷನ್.

ಪರೀಕ್ಷೆಯಲ್ಲಿ ಕಾಡುವುದು ಇದರ ಮುಂದಿನ ಹೆಜ್ಜೆ. ರಸ್ತೆಗೆ ಟ್ರಾಫಿಕ್ ಹಾಕುವ ನಾಲ್ಕನೇ ಹಂತಕ್ಕೆ ದಿಕ್ಕು ಬೇಕು. ಆದ್ದರಿಂದ ಅದಕ್ಕೆ ಮೊದಲು ಪಿ–ಎ ಕೋಷ್ಟಕವನ್ನು (ಯಾವ ಪಿಯಿಂದ ಯಾವ ಎಗೆ ಎಷ್ಟು ಟ್ರಿಪ್, ಜೋಡಿಗೊಂದು ಕೋಶ) ಒ–ಡಿ ಮಾಡಿಕೊಳ್ಳಬೇಕು. ಇಡೀ ದಿನದ ಲೆಕ್ಕವಾದರೆ ಸುಲಭ. ಹೋದವರು ವಾಪಸು ಬಂದೇ ಬರುತ್ತಾರೆ ಎಂದುಕೊಂಡು ಸಂಖ್ಯೆಯನ್ನು ಅರ್ಧ ಮಾಡಿ. ಪರ್ಕಳ–ಮಣಿಪಾಲ ಕೋಶದಲ್ಲಿ 450 ಇದ್ದರೆ, ಅತ್ತ 225, ಇತ್ತ 225. ಮಣಿಪಾಲದಲ್ಲಿ ಮನೆ ಇದ್ದು ಪರ್ಕಳಕ್ಕೆ ಕೆಲಸಕ್ಕೆ ಬರುವವರ ಕೋಶ ಬೇರೆಯೇ ಇರುತ್ತದೆ, ಅದರ ಅರ್ಧರ್ಧವನ್ನೂ ಕೂಡಿಸಿ. ಬೆಳಗಿನ ರಶ್ ಅವರ್ ಲೆಕ್ಕಕ್ಕೆ ಈ ಅರ್ಧದ ಉಪಾಯ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಬಹುಪಾಲು ಜನ ಪಿ ಕಡೆಯಿಂದ ಎ ಕಡೆಗೇ ಹೋಗುತ್ತಿರುತ್ತಾರೆ.

ಇನ್ನೊಂದು ಸಣ್ಣ ವಿಷಯ. ಒಟ್ಟು ಪಿ ಮತ್ತು ಒಟ್ಟು ಎ ಸಮ ಬರಬೇಕು. ಬರದಿದ್ದರೆ ಸಾಮಾನ್ಯವಾಗಿ ಎಯನ್ನೇ ಪಿಗೆ ಹೊಂದಿಸುತ್ತಾರೆ. ಮನೆಮನೆ ಸರ್ವೆಯ ಅಂಕಿಯ ಮೇಲೆ ನಂಬಿಕೆ ಜಾಸ್ತಿ.

ಈಗ ನಮ್ಮ ಊರಿಗೆ ಹಾಕಿ ನೋಡೋಣ

ಲೆಕ್ಕಕ್ಕಾಗಿ ಊರನ್ನು ಜೋನುಗಳೆಂಬ ತುಂಡುಗಳಾಗಿ ಮಾಡಿಕೊಳ್ಳುತ್ತಾರೆ. ಎರಡನೇ ಹಂತದ ಗ್ರಾವಿಟಿ ಮಾಡೆಲ್ ಗೊತ್ತಲ್ಲ: ಒಂದು ಜೋನಿನ ಪಿ ಉಳಿದ ಜೋನುಗಳಿಗೆ ಹಂಚಿಹೋಗುತ್ತದೆ, ಎ ದೊಡ್ಡದಿದ್ದರೆ ಹೆಚ್ಚು, ದೂರವಿದ್ದರೆ ಕಡಿಮೆ. ಕೆಳಗಿನ ಅಂಕಿಗಳು ಅಭ್ಯಾಸಕ್ಕೆ ಇಟ್ಟುಕೊಂಡವು, ಸರ್ವೆಯವಲ್ಲ.

ಪರ್ಕಳದ ಪಿ 900. ಮಣಿಪಾಲದ ಎ 4000, ಹೋಗಲು 10 ನಿಮಿಷ. ಉಡುಪಿಯ ಎ 8000, ಹೋಗಲು 20 ನಿಮಿಷ. ಎಯನ್ನು ಸಮಯದಿಂದ ಭಾಗಿಸಿದರೆ ಎರಡೂ ಕಡೆ 400. ಅಂದರೆ ತಲಾ 450 ಟ್ರಿಪ್. ಈಗ ಇಂದ್ರಾಳಿ ಭಾಗದಲ್ಲಿ ಗಾಡಿಗಳು ಸಲೀಸಾಗಿ ಸಾಗಿ ಉಡುಪಿ 16 ನಿಮಿಷಕ್ಕೆ ಇಳಿಯಿತು ಅನ್ನಿ. ಇಂದ್ರಾಳಿ ಮಣಿಪಾಲದಿಂದ ಆಚೆ, ಹಾಗಾಗಿ ಮಣಿಪಾಲದ 10 ನಿಮಿಷ ಬದಲಾಗದು. ಉಡುಪಿಯ ಪಾಲು 8000 ಭಾಗಿಸು 16, ಅಂದರೆ 500. ಹೊಸ ಹಂಚಿಕೆ: ಉಡುಪಿಗೆ 500, ಮಣಿಪಾಲಕ್ಕೆ 400. ಪರ್ಕಳದಲ್ಲಿ ಒಂದು ಮನೆಯೂ ಹೆಚ್ಚಾಗಿಲ್ಲ, ಉಡುಪಿಯಲ್ಲಿ ಒಂದು ಅಂಗಡಿಯೂ ಹೆಚ್ಚಾಗಿಲ್ಲ. ಆದರೂ 50 ಟ್ರಿಪ್ ಉದ್ದವಾದವು. (ನಿಜವಾದ ಕೆಲಸದಲ್ಲಿ ಸಮಯಕ್ಕೆ ಘಾತ ಹಾಕುತ್ತಾರೆ, ಅದನ್ನು ಸರ್ವೆಯಿಂದ ಕಂಡುಕೊಳ್ಳಬೇಕು.)

ಮಾದರಿ ಇಲ್ಲಿಗೆ ನಿಲ್ಲುತ್ತದೆ. ಊರು ನಿಲ್ಲುವುದಿಲ್ಲ, ಅಲ್ವಾ? ಉಡುಪಿ ಹತ್ತಿರವಾಯಿತು ಎಂದ ಕೂಡಲೇ ಪರ್ಕಳದ ಆಚೆ ಸೈಟು ಕೇಳುವವರು ಬರುತ್ತಾರೆ. ಅಲ್ಲಿಗೆ ಪಿಯೇ ಬದಲಾಯಿತು. ನಾಲ್ಕನೇ ಹಂತದ ಉತ್ತರ ಮೊದಲ ಹಂತದ ಪ್ರಶ್ನೆಯನ್ನು ತಿದ್ದುತ್ತದೆ. ಭೂಬಳಕೆ–ಸಾರಿಗೆ ಸಂಶೋಧಕ ವಾಲ್ಟರ್ ಹ್ಯಾನ್ಸನ್ 1959ರಲ್ಲಿ ಹೇಳಿದ್ದು ಇದನ್ನೇ: ಒಂದು ಜಾಗದಿಂದ ಎಷ್ಟು ಅವಕಾಶಗಳು ಎಷ್ಟು ಸುಲಭವಾಗಿ ಸಿಗುತ್ತವೆ ಎಂಬುದನ್ನು ಅಳೆದರೆ, ಮುಂದೆ ಎಲ್ಲಿ ಮನೆಗಳು ಏಳುತ್ತವೆ ಎಂದು ಅಂದಾಜಿಸಬಹುದು. 1964ರಲ್ಲಿ ಐರಾ ಲೌರಿ ಎಂಬ ಸಂಶೋಧಕ ಅಮೆರಿಕದ ಪಿಟ್ಸ್‌ಬರ್ಗಿಗೆ ಮಾಡಿದ ಮಾದರಿ ಉದ್ಯೋಗದಿಂದ ಮನೆ, ಮನೆಯಿಂದ ಅಂಗಡಿ–ಸೇವೆ, ಆ ಸೇವೆಯ ಉದ್ಯೋಗದಿಂದ ಮತ್ತೆ ಮನೆ ಎಂದು ಸುತ್ತು ಹಾಕುತ್ತಲೇ ಹೋಗುತ್ತದೆ. ನಮ್ಮ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೂ ಎರಡನ್ನೂ ಜೋಡಿಸಿ ಎಂಬ ಮಾತಿದೆ.

ರಸ್ತೆ ಮುಟ್ಟದೆ ಎಯನ್ನೇ ಸರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ರಜತಾದ್ರಿ ಎಂಬ ಜಿಲ್ಲಾ ಕಚೇರಿ ಸಂಕೀರ್ಣ ನೋಡಿ. 1997ರಲ್ಲಿ ಜಿಲ್ಲೆಯಾದ ಉಡುಪಿಯ ಜಿಲ್ಲಾಧಿಕಾರಿ ಕಚೇರಿ ಇರುವುದು ಮಣಿಪಾಲದಲ್ಲಿ. ಹೆಬ್ರಿಯಿಂದ ಪರ್ಕಳದ ಮೇಲೆ ಬರುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಕಾಪು, ಕುಂದಾಪುರದವರು ಹೆದ್ದಾರಿಯಿಂದ ಉಡುಪಿ ಪೇಟೆ ದಾಟಿ ಮೇಲೆ ಹತ್ತಬೇಕು. ಒಂದೇ ಕಟ್ಟಡ, ಯಾರ ಟ್ರಿಪ್ ಉದ್ದ, ಯಾರದ್ದು ಗಿಡ್ಡ ಎಂದು ಅದೇ ತೀರ್ಮಾನಿಸುತ್ತದೆ.

ಮಣಿಪಾಲದಲ್ಲೇ ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಹಾಸ್ಟೆಲ್ ವಿದ್ಯಾರ್ಥಿಗೆ ಹಾಸ್ಟೆಲೇ ಮನೆ, ಅಂದರೆ ಪಿ. ಕ್ಲಾಸು ಎ. ಎರಡೂ ಒಂದೇ ಜೋನಿನಲ್ಲಿ. ಜೋನಿನ ಒಳಗೇ ಮುಗಿಯುವ ಟ್ರಿಪ್ಪುಗಳನ್ನು ನಾಲ್ಕನೇ ಹಂತದಲ್ಲಿ ರಸ್ತೆಗೆ ಹಾಕುವುದೇ ಇಲ್ಲ. ಪಿ ಮತ್ತು ಎಯನ್ನು ಪಕ್ಕಪಕ್ಕ ಇಡುವುದರ ಲಾಭ ಲೆಕ್ಕದಲ್ಲಿ ಹೀಗೆ ಕಾಣುತ್ತದೆ. ನನಗಂತೂ ಮಿಶ್ರ ಬಳಕೆ ಯಾಕೆ ಬೇಕು ಎನ್ನುವುದಕ್ಕೆ ಇಷ್ಟು ಸಾಕು, ಬೇರೆ ಭಾಷಣ ಬೇಡ.

ಕರಾವಳಿಗೆ ಹೊಂದದ ಒಂದು ಊಹೆ

ಮಾದರಿಯಲ್ಲಿ ಪ್ರತಿ ಜೋನಿಗೂ ಒಂದು ನಡುಬಿಂದು. ಎಲ್ಲ ಟ್ರಿಪ್ಪೂ ಅಲ್ಲಿಂದಲೇ ಹೊರಟಂತೆ ಲೆಕ್ಕ. ಮನೆಗಳು ಒತ್ತೊತ್ತಾಗಿರುವ ಬಯಲುಸೀಮೆಯ ಹಳ್ಳಿಗೆ ಇದು ಸರಿಯೇ. ನಮ್ಮ ಕಡೆ ಮನೆ ಅಂದರೆ ಅವರವರ ತೋಟದ ನಡುವೆ ಒಂದೊಂದು. ನಡುಬಿಂದು ಇಟ್ಟರೆ ಅದು ಬೈಲಿನ ಗದ್ದೆಯಲ್ಲೋ ಗುಡ್ಡೆಯಲ್ಲೋ ಹೋಗಿ ಕೂರುತ್ತದೆ ಮಾರಾಯ್ರೆ! ಬಸ್ ಸ್ಟಾಪಿಗೆ ನಡೆಯುವ ಸಮಯ ಮನೆಯಿಂದ ಮನೆಗೆ ಅಷ್ಟು ಬೇರೆಯಾದಾಗ, ಬಸ್ಸೋ ಬೈಕೋ ಎಂಬ ಮೂರನೇ ಹಂತದ ಉತ್ತರವೇ ತಪ್ಪಿಹೋಗುತ್ತದೆ. ಜೋನುಗಳನ್ನು ಸಣ್ಣ ಮಾಡುವುದು, ನಡಿಗೆಯ ಸಮಯವನ್ನು ಬೇರೆಯಾಗಿ ಸೇರಿಸುವುದು, ಇವೆರಡೇ ಸದ್ಯಕ್ಕೆ ದಾರಿ.

ಕೊನೆಯದಾಗಿ ಎಫ್‌ಎಆರ್, ಅಂದರೆ ಸೈಟಿನ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ (ಫ್ಲೋರ್ ಏರಿಯಾ ರೇಷಿಯೊ). 1000 ಚದರ ಮೀಟರ್ ಸೈಟಿಗೆ ಎಫ್‌ಎಆರ್ 1.5 ಇದ್ದರೆ ಎಲ್ಲ ಮಹಡಿ ಸೇರಿ 1500 ಚದರ ಮೀಟರ್ ಕಟ್ಟಬಹುದು. ನಮ್ಮ ರಾಜ್ಯದ ವಲಯ ನಿಯಮಗಳಲ್ಲಿ ಈ ಅಂಕಿ ಎದುರಿನ ರಸ್ತೆಯ ಅಗಲಕ್ಕೆ ತಕ್ಕಂತೆ ಏರುತ್ತದೆ. ಅಂದರೆ ರಸ್ತೆ ಅಗಲ ಮಾಡಿದರೆ ಟ್ರಾಫಿಕ್ಕಿಗೆ ಜಾಗ ಸಿಗುವುದು ಮಾತ್ರವಲ್ಲ, ಪಕ್ಕದ ಸೈಟಿನ ಪಿ ಅಥವಾ ಎ ಕೂಡ ಏರಲು ಪರವಾನಗಿ ಸಿಗುತ್ತದೆ. ಉತ್ತರ ಬರೆಯುವಾಗ ಈ ಕೊಂಡಿಯನ್ನು ಬಿಡಬೇಡಿ. ಆ ರಸ್ತೆಯಲ್ಲಿ ಗಂಟೆಗೆ ಎಷ್ಟು ಬಸ್ ಓಡುತ್ತವೆ ಎಂಬುದನ್ನೂ ಎಫ್‌ಎಆರ್ ಕೋಷ್ಟಕದಲ್ಲಿ ಅಗಲದ ಪಕ್ಕದಲ್ಲಿ ಒಂದು ಕಾಲಮ್ ಮಾಡಿ ಸೇರಿಸಿದರೆ ಹೇಗಿರುತ್ತದೆ ಎಂದು ಬರೆದು ನೋಡಿ, ಹತ್ತು ಅಂಕದ ಪ್ರಶ್ನೆಗೆ ಒಳ್ಳೆಯ ಚರ್ಚೆಯಾಗುತ್ತದೆ.