ಎಷ್ಟು ಗಣಗಳು ಸಾಕು?

‘ಅನಂತಕ್ಕೆ ಒಂದು ಕೂಡಿಸಿದರೂ ಅನಂತವೇ, ಆದ್ದರಿಂದ ಅನಂತಗಳೆಲ್ಲ ಒಂದೇ’ ಎಂಬ ಮಾತನ್ನು ಮಡಿಕೇರಿ, ವಿರಾಜಪೇಟೆಗಳ ವಿದ್ಯಾರ್ಥಿಗಳ ಬಾಯಲ್ಲಿ ಇಂದಿಗೂ ಕೇಳುತ್ತೇನೆ. ಇದರ ಮೊದಲರ್ಧ ನಿಜ, ಉಳಿದರ್ಧ ಸುಳ್ಳು. ವಾಸ್ತವ ಸಂಖ್ಯೆಗಳನ್ನೆಲ್ಲ ಒಂದು, ಎರಡು, ಮೂರು ಎಂದು ಸಾಲಾಗಿ ಪಟ್ಟಿಮಾಡುವುದು ಅಸಾಧ್ಯವೆಂದು ಗೇಯೋರ್ಗ್ ಕ್ಯಾಂಟರ್ 1874ರಲ್ಲೇ ಸಾಧಿಸಿದರು. ಇದನ್ನು ಒಪ್ಪಿದವರಲ್ಲೂ ಹಲವರು ಅನಂತಗಳ ನಡುವಿನ ಈ ಹಿರಿದು ಕಿರಿದುಗಳ ಭೇದಕ್ಕೂ ಉಳಿದ ಗಣಿತಕ್ಕೂ ಸಂಬಂಧವಿಲ್ಲವೆಂದು ಭಾವಿಸುತ್ತಾರೆ. ಬಿಂದುಗಳನ್ನು ಕೂಡಿಸಲೂ ಅವುಗಳ ನಡುವಿನ ದೂರ ಅಳೆಯಲೂ ಬರುವ, ನಡುವೆ ಬಿಂದುಗಳ ಕೊರತೆಯಿಲ್ಲದ ಬನಾಖ್ ಸ್ಪೇಸ್‌ಗಳಲ್ಲಿ ಏಳುವ ಒಂದು ಸರಳ ಪ್ರಶ್ನೆ ಆ ಭಾವನೆಯನ್ನು ಅಳಿಸಿಹಾಕುತ್ತದೆ.

ಪೋಲೆಂಡಿನ ಸ್ಟೆಫಾನ್ ಬನಾಖ್ 1932ರ ತಮ್ಮ ಗ್ರಂಥದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದ ಈ ಸ್ಪೇಸ್‌ಗಳ ಆಯಾಮ ಅನಂತವಾದಾಗ, ಮೂಲಬಿಂದುವಿನಿಂದ ಒಂದರೊಳಗಿನ ದೂರದ ಬಿಂದುಗಳಿಂದಾದ ಏಕಮಾನ ಗೋಲ ಕಾಂಪ್ಯಾಕ್ಟ್ ಆಗಿರುವುದಿಲ್ಲ. ಕಾಂಪ್ಯಾಕ್ಟ್ ಗಣವೆಂದರೆ, ಅದರೊಳಗಿನ ಯಾವ ಅನುಕ್ರಮದಿಂದಲೂ ಗಣದ್ದೇ ಒಂದು ಬಿಂದುವಿನತ್ತ ಸಾಗುವ ಉಪಾನುಕ್ರಮವನ್ನು ಆರಿಸಬಹುದಾದ ಗಣ. ವರ್ಗಗಳ ಮೊತ್ತ ಸಾಂತವಾಗಿರುವ ಅನುಕ್ರಮಗಳ ಸ್ಪೇಸ್ ಎಲ್-ಎರಡರಲ್ಲಿ, ಒಂದು ಸ್ಥಾನದಲ್ಲಿ 1, ಉಳಿದೆಡೆ 0 ಇರುವ ಬಿಂದುಗಳು ಪರಸ್ಪರ √2 ದೂರದಲ್ಲಿ ನಿಲ್ಲುವುದರಿಂದ, ಅವುಗಳ ಯಾವ ಉಪಾನುಕ್ರಮವೂ ಅಭಿಸರಿಸುವುದಿಲ್ಲ. ಆದರೆ ದೂರವನ್ನು ಬದಿಗಿಟ್ಟು, ಸಂತತ ರೇಖೀಯ ಫಲನಗಳು (ಪ್ರತಿ ಬಿಂದುವಿಗೂ ಒಂದು ಸಂಖ್ಯೆಯನ್ನು, ಮೊತ್ತಕ್ಕೆ ಮೊತ್ತವೇ ಬರುವಂತೆ ಕೊಡುವ ನಿಯಮಗಳು) ಕೊಡುವ ಬೆಲೆಗಳನ್ನಷ್ಟೇ ಗಮನಿಸಿದರೆ ಅವೇ ಬಿಂದುಗಳು ಸೊನ್ನೆಯತ್ತ ಸಾಗುತ್ತವೆ. ಇದು ದುರ್ಬಲ ಅಭಿಸರಣ. ಈ ದೃಷ್ಟಿಯಲ್ಲಿ ಎಲ್-ಎರಡರ ಇಡೀ ಗೋಲವೇ ಕಾಂಪ್ಯಾಕ್ಟ್. ಅನುಕ್ರಮದ ಪದಗಳ ನಿರಪೇಕ್ಷ ಬೆಲೆಗಳ ಮೊತ್ತ ಸಾಂತವಾಗಿರುವ ಎಲ್-ಒಂದರಲ್ಲಿ ಹಾಗಲ್ಲ: ಇಸ್ಸಾಯಿ ಶುರ್ ಕಂಡುಕೊಂಡಂತೆ, ಅಲ್ಲಿ ದುರ್ಬಲವಾಗಿ ಅಭಿಸರಿಸುವ ಅನುಕ್ರಮ ದೂರದ ಲೆಕ್ಕದಲ್ಲೂ ಅಭಿಸರಿಸಲೇಬೇಕು.

ಈಗ ಪ್ರಶ್ನೆ. ಗೋಲದೊಳಗಿನ ಪ್ರತಿಯೊಂದು ದುರ್ಬಲ ಕಾಂಪ್ಯಾಕ್ಟ್ ಗಣವೂ ನಾವು ಮೊದಲೇ ಆರಿಸಿಟ್ಟ ಅಂಥದೇ ಗಣಗಳಲ್ಲಿ ಒಂದರೊಳಗೆ ಅಡಗಬೇಕಾದರೆ ಎಷ್ಟು ಗಣಗಳನ್ನು ಆರಿಸಬೇಕು? ಎಲ್-ಎರಡಕ್ಕೆ ಒಂದು ಸಾಕು, ಗೋಲವೇ ಅದು. ಎಲ್-ಒಂದರಲ್ಲಿ, ಶುರ್ ಕಂಡ ಕಾರಣದಿಂದ, ದುರ್ಬಲ ಕಾಂಪ್ಯಾಕ್ಟ್ ಗಣಗಳು ದೂರದ ಲೆಕ್ಕದಲ್ಲೂ ಕಾಂಪ್ಯಾಕ್ಟ್; ಅಂಥ ಪ್ರತಿ ಗಣಕ್ಕೂ ಪೂರ್ಣಸಂಖ್ಯೆಗಳ ಒಂದು ಅನಂತ ಪಟ್ಟಿ ಅಂಟಿಕೊಂಡಿರುತ್ತದೆ: ಗಣದ ಎಲ್ಲ ಬಿಂದುಗಳಿಗೂ ಎಷ್ಟನೆಯ ಸ್ಥಾನದ ಆಚೆ ಉಳಿಯುವ ಮೊತ್ತ 1/2ನ್ನು ಮೀರದು, ಎಷ್ಟನೆಯದರ ಆಚೆ 1/3ನ್ನು ಮೀರದು, ಹೀಗೆ. ಪಟ್ಟಿಯ ಸಂಖ್ಯೆಗಳು ಹಿಗ್ಗಿದಷ್ಟೂ ಗಣಕ್ಕೆ ಜಾಗ ಹೆಚ್ಚು.

ಅಂಥ ಪಟ್ಟಿಗಳು ಎಷ್ಟು ಬೇಕೆಂದು ತಿಳಿಯಲು ನಮ್ಮ ಕಾಫಿ ತೋಟಗಳ ಮಳೆ ಪುಸ್ತಕ ನೆರವಿಗೆ ಬರುತ್ತದೆ. ಹೂಮಳೆಯಿಂದ ಹಿಡಿದು ಬೆಳೆಗಾರರು ಇಂಚು, ಸೆಂಟುಗಳಲ್ಲಿ ಬರೆದಿಡುವ ಲೆಕ್ಕದಲ್ಲಿ ನೂರು ಸೆಂಟಿಗೆ ಒಂದು ಇಂಚಾದ್ದರಿಂದ, ದಿನದ ಮಳೆಯನ್ನು ಒಂದು ಪೂರ್ಣಸಂಖ್ಯೆಯಾಗಿ ಬರೆಯಬಹುದು. ಎಂದೂ ಮುಗಿಯದ ಅಂಥ ಪುಸ್ತಕಗಳನ್ನು ಒಬ್ಬರು 1, 2, 3 ಎಂದು ಸಾಲಾಗಿ ಜೋಡಿಸಿ, ‘ಯಾವ ಪುಸ್ತಕ ತಂದರೂ, ಕೆಲವೇ ದಿನಗಳನ್ನು ಬಿಟ್ಟರೆ, ಇವುಗಳಲ್ಲೊಂದು ಅದಕ್ಕೆ ಕಡಿಮೆಯಾಗದು’ ಎನ್ನಲಿ. ನಾವು ಪ್ರತಿ ದಿನವೂ, ಅಂದು ಎಷ್ಟನೆಯ ದಿನವೋ ಅಷ್ಟು ಪುಸ್ತಕಗಳ ಅಂದಿನ ಅಂಕಿಗಳಲ್ಲಿ ದೊಡ್ಡದಕ್ಕೆ ಒಂದು ಕೂಡಿಸಿ ಬರೆಯೋಣ. ನೂರನೆಯ ಪುಸ್ತಕವನ್ನು ನಮ್ಮದು ನೂರನೆಯ ದಿನದಿಂದ ಮುಂದೆ ಪ್ರತಿದಿನವೂ ಮೀರುತ್ತದೆ. ಉಳಿದ ಪುಸ್ತಕಗಳ ಗತಿಯೂ ಇದೇ. ಸಾಲಾಗಿ ಎಣಿಸಬಲ್ಲಷ್ಟು ಪುಸ್ತಕಗಳು, ಅವು ಅನಂತವಿದ್ದರೂ, ಸಾಲವು! ಸಾಕಾಗುವ ಕನಿಷ್ಠ ಕಾರ್ಡಿನಲ್ ಸಂಖ್ಯೆಗೆ, ಎಂದರೆ ಗಣದ ಗಾತ್ರವನ್ನು ಹೇಳುವ ಸಂಖ್ಯೆಗೆ, ಗಣಿತಜ್ಞರು ‘ಡಿ’ ಎಂದು ಹೆಸರಿಟ್ಟಿದ್ದಾರೆ. ಎಲ್-ಒಂದರ ಪ್ರಶ್ನೆಗೂ ಅದೇ ಉತ್ತರ.

ಎಣಿಸಲಾಗದ ಅನಂತಗಳಲ್ಲಿ ಅತಿ ಚಿಕ್ಕದಾದ ಅಲೆಫ್-ಒಂದಕ್ಕಿಂತ ಡಿ ಕಡಿಮೆಯಿಲ್ಲ, ವಾಸ್ತವ ಸಂಖ್ಯೆಗಳ ಗಾತ್ರಕ್ಕಿಂತ ಹೆಚ್ಚಿಲ್ಲ. ಆ ಎರಡೂ ಒಂದೇ ಎಂಬುದು ಕ್ಯಾಂಟರ್ 1878ರಲ್ಲಿ ಮಾಡಿದ ಊಹೆ. ಪ್ರಚಲಿತ ಸ್ವಯಂಸಿದ್ಧಗಳಿಂದ ಅದನ್ನು ಅಲ್ಲಗಳೆಯಲಾಗದೆಂದು ಕುರ್ಟ್ ಗೋಡೆಲ್ ತೋರಿಸಿದರೆ, ಸಾಧಿಸಲೂ ಆಗದೆಂದು 1963ರಲ್ಲಿ ಪಾಲ್ ಕೊಹೆನ್ ತೋರಿಸಿದರು. ಇದೇ ಸ್ವಯಂಸಿದ್ಧಗಳನ್ನು ಪಾಲಿಸಿಯೂ ಊಹೆ ಸುಳ್ಳಾಗುವ ಗಣಿತಲೋಕಗಳಲ್ಲಿ ಕೆಲವೆಡೆ ಡಿ ಅಲೆಫ್-ಒಂದೇ ಆಗಿರುತ್ತದೆ, ಕೆಲವೆಡೆ ಅದಕ್ಕಿಂತ ದೊಡ್ಡದು. ಇದು ‘ಇನ್ನೂ ಗೊತ್ತಾಗಿಲ್ಲ’ ಎಂಬ ಸ್ಥಿತಿಯಲ್ಲ. ಈ ಸ್ವಯಂಸಿದ್ಧಗಳು ಉತ್ತರವನ್ನು ನಿಗದಿಮಾಡುವುದಿಲ್ಲವೆಂಬುದೇ ಸಾಧಿತ ಸತ್ಯ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಮುಂದಿನ ಸಂಗತಿ. ಗಣ ಪೂರ್ತಿಯಾಗಿ ಅಡಗಬೇಕೆಂಬ ಷರತ್ತನ್ನು ಸಡಿಲಿಸಿ, ಎಷ್ಟೇ ಚಿಕ್ಕದಾದರೂ ಸೊನ್ನೆಯಲ್ಲದ ಒಂದಿಷ್ಟು ಅಂತರಕ್ಕೆ ಅವಕಾಶ ಕೊಟ್ಟರೆ, ಎಲ್-ಒಂದರಲ್ಲಿ ಎಣಿಸಬಲ್ಲಷ್ಟು ಗಣಗಳೇ ಸಾಕಾಗುತ್ತವೆ: ಗೋಲದಲ್ಲಿ ಮೊದಲ ಒಂದು, ಎರಡು, ಮೂರು ಸ್ಥಾನಗಳಾಚೆ ಸೊನ್ನೆಯೇ ಇರುವ ಬಿಂದುಗಳ ಗಣಗಳು. ಈ ಗುಣವುಳ್ಳ ಸ್ಪೇಸ್‌ಗಳನ್ನು ಶ್ಲೂಖ್ಟರ್‌ಮನ್ ಮತ್ತು ವೀಲರ್ 1988ರಲ್ಲಿ ಪ್ರತ್ಯೇಕವಾಗಿ ಅಭ್ಯಸಿಸಿದರು. 0ಯಿಂದ 1ರವರೆಗಿನ ಅನುಕಲನೀಯ ಫಲನಗಳ ಸ್ಪೇಸ್‌ಗೂ ಆ ಗುಣವಿದೆ. ಸೊನ್ನೆಯತ್ತ ಸಾಗುವ ಅನುಕ್ರಮಗಳ ಸ್ಪೇಸ್‌ಗೆ ಇಲ್ಲ.